ದೊಡ್ಡ ಟೈರಿಗೆ ಆಕ್ಸಲ್ ಅನುಪಾತ: ಜೀಪ್ ರ‍್ಯಾಂಗ್ಲರ್ ಜೆಕೆ ಕುರಿತ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಬಂಡೆ, ಕೆಸರು, ಹಳ್ಳಗಳಲ್ಲಿ ಓಡಿಸಲು ಕೊಂಡ ಜೀಪಿನಲ್ಲಿ ಮೊದಲು ಬದಲಾಗುವುದು ಸಾಮಾನ್ಯವಾಗಿ ಟೈರು. ಅದಕ್ಕೆ ಗಟ್ಟಿ ಕಾರಣವಿದೆ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ ಮಾತ್ರ. ಗಟ್ಟಿ ಆಕ್ಸಲ್ ಇರುವ ವಾಹನದಲ್ಲಿ ಡಿಫರೆನ್ಶಿಯಲ್‌ನ ಉಬ್ಬು ನೆಲದಿಂದ ಎಷ್ಟು ಎತ್ತರದಲ್ಲಿರಬೇಕೆಂದು ತೀರ್ಮಾನಿಸುವುದು ಟೈರಿನ ಎತ್ತರವೇ. ಆದರೆ ಆ ಎತ್ತರಕ್ಕೆ ಬೆಲೆಯಿದೆ. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ದೂರ ಎಷ್ಟು ಪಟ್ಟು ಆಗುತ್ತದೋ ನೆಲಕ್ಕೆ ಸಿಗುವ ಎಳೆತ ಅಷ್ಟೇ ಪಟ್ಟು ತಗ್ಗುತ್ತದೆ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ವಾಹನ ಮಾತ್ರ ಮಂಕಾಗುತ್ತದೆ.

ಇದಕ್ಕೆ ಪರಿಹಾರ ಆಕ್ಸಲ್‌ನೊಳಗಿನ ಕ್ರೌನ್-ಪಿನಿಯನ್ ಬದಲಿಸುವುದು. ಯಾವ ಅನುಪಾತ ಹಾಕಬೇಕೆಂಬ ಪ್ರಶ್ನೆಗೆ ಗ್ಯಾರೇಜುಗಳಲ್ಲಿ ಒಂದು ಸರಳ ಸೂತ್ರ ಬಳಕೆಯಲ್ಲಿದೆ: ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ಟೈರಿನ ವ್ಯಾಸದಿಂದ ಭಾಗಿಸಬೇಕು. ಬಂದ ಸಂಖ್ಯೆಗೆ ಹತ್ತಿರದ ಗೇರ್ ಜೋಡಿಯನ್ನು ತರಿಸಬೇಕು.

ಈ ಸೂತ್ರ ಗಣಿತವಾಗಿ ಸರಿ, ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ ಎಂಬುದು ಈ ಟಿಪ್ಪಣಿಯ ವಾದ. ಹಳೆಯ ಸ್ಥಿತಿಗೆ ಮರಳುವುದು ಹೇಗೆಂದು ಅದು ಹೇಳುತ್ತದೆ. ಹಳೆಯ ಸ್ಥಿತಿ ಹೊಸ ಹೊರೆಗೆ ಸಾಕೇ ಎಂದು ಹೇಳುವುದಿಲ್ಲ. ಆಕ್ಸಲ್ ಅನುಪಾತವನ್ನು ಹೆದ್ದಾರಿಯ ವೇಗದಲ್ಲಿ, ಮೇಲಿನ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ ಎಂಬುದನ್ನು ನೋಡಿ ನಿರ್ಣಯಿಸಬೇಕು. ಬಂಡೆ ಹತ್ತುವ ನಿಧಾನವನ್ನು, ಎರಡೂ ಆಕ್ಸಲ್‌ಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಬಿಡಬೇಕು.

2. ಆಯ್ದುಕೊಂಡ ವಾಹನ

ಈ ಪರಿಶೀಲನೆಗೆ 2007ರಿಂದ 2011ರವರೆಗಿನ ಜೀಪ್ ರ‍್ಯಾಂಗ್ಲರ್ ಜೆಕೆಯನ್ನು ಆಯ್ದುಕೊಂಡಿದ್ದೇನೆ. ಅಮೆರಿಕದಲ್ಲಿ ದೊಡ್ಡ ಟೈರು ಹಾಕಿಸಿಕೊಳ್ಳುವ ವಾಹನಗಳಲ್ಲಿ ಇದು ಬಹಳ ಸಾಮಾನ್ಯ. ಒಂದೇ ಎಂಜಿನ್ನನ್ನು ಬೇರೆ ಬೇರೆ ಟೈರು, ಆಕ್ಸಲ್ ಮತ್ತು ಗೇರ್‌ಬಾಕ್ಸುಗಳ ಜೊತೆ ಮಾರಿದ್ದರಿಂದ ಹೋಲಿಕೆಗೂ ಅನುಕೂಲ.

ಎಂಜಿನ್ 3.8 ಲೀಟರಿನ ವಿ6. ಶಕ್ತಿ 202 ಅಶ್ವಶಕ್ತಿ, ಗರಿಷ್ಠ ಟಾರ್ಕ್ ಸುಮಾರು 321 ನ್ಯೂಟನ್-ಮೀಟರ್. ಆ ಟಾರ್ಕ್ ಸಿಗುವುದು 4,000 ಆರ್‌ಪಿಎಂನಲ್ಲಿ. ಈ ಕೊನೆಯ ಅಂಕಿಯನ್ನು ನೆನಪಿಡಬೇಕು. ಮುಂದಿನ ವಾದದ ಬಹುಪಾಲು ಅದರ ಮೇಲೆ ನಿಂತಿದೆ.

ಗೇರ್‌ಬಾಕ್ಸ್ ಎರಡು. ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಮೊದಲನೆಯದು 4.46, ಐದನೆಯದು 1.00, ಆರನೆಯದು 0.84. ನಾಲ್ಕು ಗೇರಿನ ಆಟೋಮ್ಯಾಟಿಕ್‌ನಲ್ಲಿ ಕ್ರಮವಾಗಿ 2.84, 1.57, 1.00, 0.69. ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ನಿಧಾನದ ಗೇರು) ಸಾಮಾನ್ಯ ಮಾದರಿಗಳಲ್ಲಿ 2.72, ರೂಬಿಕಾನ್ ಮಾದರಿಯಲ್ಲಿ 4.00.

ರೂಬಿಕಾನ್‌ಗೆ ಕಾರ್ಖಾನೆ ಕೊಟ್ಟದ್ದು 255/75ಆರ್17 ಟೈರು ಮತ್ತು 4.10 ಅನುಪಾತ. ಕೆಳಹಂತದ ಮ್ಯಾನ್ಯುಯಲ್ ಮಾದರಿಗೆ 225/75ಆರ್16 ಟೈರು ಮತ್ತು 3.21 ಅನುಪಾತ. ಹೊಸದಾಗಿ ಹಾಕುವ ಟೈರು 315/70ಆರ್17 ಎಂದಿಟ್ಟುಕೊಳ್ಳೋಣ. ಮಾರುಕಟ್ಟೆಯಲ್ಲಿ ಇದನ್ನು 35 ಇಂಚಿನ ಟೈರು ಎಂದೇ ಮಾರುತ್ತಾರೆ.

3. ಅಳತೆಯ ವಿಧಾನ

ಲೆಕ್ಕದ ಮೊದಲ ತಪ್ಪು ಟೈರಿನ ಮೇಲಿನ ಬರಹವನ್ನು ನಂಬುವುದರಿಂದ ಹುಟ್ಟುತ್ತದೆ. 315/70ಆರ್17 ಎಂದರೆ ಅಗಲ 315 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 70, ರಿಮ್ 17 ಇಂಚು. ಇದರಂತೆ ವ್ಯಾಸ 873 ಮಿ.ಮೀ., ಅಂದರೆ 34.4 ಇಂಚು, 35 ಅಲ್ಲ. ರೂಬಿಕಾನ್‌ನ ಮೂಲ ಟೈರಿನ ವ್ಯಾಸ 814 ಮಿ.ಮೀ., ಕೆಳಹಂತದ ಮಾದರಿಯದು 744 ಮಿ.ಮೀ.

ಎರಡನೆಯ ಸಂಗತಿ, ಟೈರು ಭಾರ ಹೊತ್ತಾಗ ಅಡಿಯಲ್ಲಿ ಚಪ್ಪಟೆಯಾಗುತ್ತದೆ. ರೇಡಿಯಲ್ ಟೈರಿನ ಒಳಗಿನ ಬೆಲ್ಟ್ ಹಿಗ್ಗದೆ ಕುಗ್ಗದೆ ಇರುವುದರಿಂದ, ಒಂದು ಸುತ್ತಿಗೆ ಅದು ಕ್ರಮಿಸುವ ದೂರವು ಪೂರ್ಣ ಸುತ್ತಳತೆಗಿಂತ ಕೊಂಚ ಕಡಿಮೆ, ನೆಲಕ್ಕೂ ಆಕ್ಸಲ್‌ಗೂ ಇರುವ ಎತ್ತರವನ್ನು ತ್ರಿಜ್ಯವೆಂದು ಹಿಡಿದು ಮಾಡಿದ ಲೆಕ್ಕಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಶೇ. 3ರಷ್ಟು ಕಳೆದರೆ ನಿಜಕ್ಕೆ ಹತ್ತಿರ ಬರುತ್ತದೆ. ಇಲ್ಲಿನ ಲೆಕ್ಕಗಳಲ್ಲಿ ಹಾಗೆಯೇ ಕಳೆದಿದ್ದೇನೆ. ತಮ್ಮ ವಾಹನದ ಅಂಕಿ ಬೇಕಾದವರು ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸಮತಟ್ಟಾದ ಜಾಗದಲ್ಲಿ ವಾಹನವನ್ನು ಕೆಲವು ಸುತ್ತು ಉರುಳಿಸಿ, ಟೇಪು ಹಿಡಿದು ಅಳೆದು ಸುತ್ತಿನ ಸಂಖ್ಯೆಯಿಂದ ಭಾಗಿಸಬೇಕು. ಸಾಮಾನು ತುಂಬಿ, ಗಾಳಿಯ ಒತ್ತಡ ರಸ್ತೆಗೆ ತಕ್ಕಂತಿರುವಾಗ ಅಳೆದರೆ ಮಾತ್ರ ಆ ಅಳತೆಗೆ ಅರ್ಥವಿದೆ.

4. ಒಂದೇ ಟೈರಿಗೆ ಸೂತ್ರದ ಎರಡು ಉತ್ತರ

ಈಗ ಗ್ಯಾರೇಜಿನ ಸೂತ್ರವನ್ನು ಎರಡೂ ಮಾದರಿಗಳಿಗೆ ಹಚ್ಚಿ ನೋಡೋಣ. ರೂಬಿಕಾನ್‌ನಲ್ಲಿ 4.10 ಅನ್ನು 873ರಿಂದ ಗುಣಿಸಿ 814ರಿಂದ ಭಾಗಿಸಿದರೆ 4.40. ಕೆಳಹಂತದ ಮಾದರಿಯಲ್ಲಿ 3.21 ಅನ್ನು 873ರಿಂದ ಗುಣಿಸಿ 744ರಿಂದ ಭಾಗಿಸಿದರೆ 3.77.

ಎರಡೂ ವಾಹನಗಳ ಎಂಜಿನ್ ಒಂದೇ, ಮ್ಯಾನ್ಯುಯಲ್ ಗೇರ್‌ಬಾಕ್ಸ್ ಒಂದೇ, ಹೊಸ ಟೈರೂ ಒಂದೇ. ಟೈರು ಹಾಕಿದ ಮೇಲೆ ಎಂಜಿನ್ ಹೊರಬೇಕಾದ ಭಾರದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಸೂತ್ರ ಒಂದಕ್ಕೆ 4.40 ಬೇಕೆನ್ನುತ್ತದೆ, ಇನ್ನೊಂದಕ್ಕೆ 3.77 ಸಾಕೆನ್ನುತ್ತದೆ. ಎರಡೂ ಏಕಕಾಲಕ್ಕೆ ಸರಿಯಾಗಿರಲಾರವು. ಕಾರ್ಖಾನೆ ಮೊದಲು ಏನು ಆಯ್ದಿತ್ತೋ ಅದನ್ನೇ ಸೂತ್ರ ಮರಳಿ ಒಪ್ಪಿಸುತ್ತದೆ ಎಂಬುದು ಇಲ್ಲಿ ಸ್ಪಷ್ಟ. 3.21 ಅನ್ನು ಆಯ್ದದ್ದು ಹಗುರವಾದ ಸಣ್ಣ ಟೈರಿಗೆ, ಇಂಧನ ಉಳಿತಾಯದ ದೃಷ್ಟಿಯಿಂದ. ಭಾರದ 35 ಇಂಚಿನ ಟೈರು ಹಾಕಿ ಆ ರಾಜಿಯನ್ನೇ ಕಾಪಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಜೀಪಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಆಕ್ಸಲ್ ಅನುಪಾತ 4.88. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎಯಲ್ಲಿ ಅದು 5.38. ಟೈರು ಎರಡರಲ್ಲೂ 6.00-16. ಟೈರು ಬದಲಾಗಲಿಲ್ಲ, ಕೆಲಸ ಬದಲಾಯಿತು: ನೇಗಿಲು ಎಳೆಯಬೇಕಾದ ವಾಹನಕ್ಕೆ ಹೆಚ್ಚಿನ ಅನುಪಾತ ಕೊಟ್ಟರು. ಆ ವಂಶದ ಸಿಜೆ-3ಬಿಯನ್ನು ಮಹೀಂದ್ರಾ ಸಂಸ್ಥೆ ಭಾರತದಲ್ಲಿ ದಶಕಗಳ ಕಾಲ ತಯಾರಿಸಿತು. ಮಲೆನಾಡಿನ, ಕೊಡಗಿನ ತೋಟದ ದಾರಿಗಳಿಗೆ ಬಂದದ್ದು ಅದೇ ಕುಟುಂಬದ ಜೀಪುಗಳು.

5. ಕೆಳಗಿನ ತುದಿ: ನಷ್ಟ ಎಷ್ಟು?

ದೊಡ್ಡ ಟೈರು ಹಾಕಿದೊಡನೆ ಬಂಡೆ ಹತ್ತುವ ಶಕ್ತಿ ಹೋಗಿಬಿಡುತ್ತದೆ ಎಂಬ ಆತಂಕ ವ್ಯಾಪಕವಾಗಿದೆ. ಅದನ್ನು ಅಂಕಿಗಳಲ್ಲಿ ಪರೀಕ್ಷಿಸೋಣ.

ಮ್ಯಾನ್ಯುಯಲ್ ರೂಬಿಕಾನ್‌ನ ಮೊದಲ ಗೇರು 4.46, ಲೋ ರೇಂಜ್ 4.00, ಆಕ್ಸಲ್ 4.10. ಮೂರನ್ನೂ ಗುಣಿಸಿದರೆ 73. ಎಂಜಿನ್ 73 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. 700 ಆರ್‌ಪಿಎಂನಲ್ಲಿ ಮೂಲ ಟೈರಿನ ಮೇಲೆ ವೇಗ ಗಂಟೆಗೆ 1.42 ಕಿ.ಮೀ. 35 ಇಂಚಿನ ಟೈರು ಹಾಕಿ ಬೇರೇನನ್ನೂ ಮುಟ್ಟದಿದ್ದರೆ 1.53 ಕಿ.ಮೀ. ವ್ಯತ್ಯಾಸ ಗಂಟೆಗೆ ನೂರು ಮೀಟರಿನಷ್ಟು. ಉಟಾದ ಮೋಆಬ್‌ನ ಇಳಿಜಾರು ಬಂಡೆಯಲ್ಲಾಗಲಿ, ಕ್ಯಾಲಿಫೋರ್ನಿಯಾದ ರೂಬಿಕಾನ್ ದಾರಿಯಲ್ಲಾಗಲಿ ಇದು ಚಾಲಕನ ಕಾಲಿಗೆ ಅಷ್ಟಾಗಿ ತಿಳಿಯದು.

ಕೆಳಹಂತದ ಮಾದರಿಯಲ್ಲಿ ಕಷ್ಟ ನಿಜವಾದದ್ದು. ಆದರೆ ಅಲ್ಲೂ ಆಕ್ಸಲ್ ಬದಲಿಸಿ ಪೂರ್ಣ ಪರಿಹಾರ ಸಿಗುವುದಿಲ್ಲ. 2.72ರ ಟ್ರಾನ್ಸ್‌ಫರ್ ಕೇಸ್ ಇಟ್ಟುಕೊಂಡು 5.13 ಆಕ್ಸಲ್ ಹಾಕಿದರೂ ಒಟ್ಟು ಗುಣಲಬ್ಧ 62. ಏನನ್ನೂ ಮುಟ್ಟದ ರೂಬಿಕಾನ್‌ನ 73ಕ್ಕೆ ಅದು ತಲಪುವುದೇ ಇಲ್ಲ. ನಿಧಾನ ಬೇಕಾದವರು ಅದನ್ನು ಟ್ರಾನ್ಸ್‌ಫರ್ ಕೇಸಿನಲ್ಲಿ ಹುಡುಕಬೇಕು. 4ರ ಆಸುಪಾಸಿನ ಲೋ ರೇಂಜ್ ಇರುವ ಬದಲಿ ಕೇಸುಗಳು ಅಮೆರಿಕದ ಮಾರುಕಟ್ಟೆಯಲ್ಲಿವೆ. ಹೈ ರೇಂಜಿನಲ್ಲಿ ಓಡಿಸುವಾಗ ಅವು ಏನನ್ನೂ ಬದಲಿಸುವುದಿಲ್ಲ ಎಂಬುದೇ ಅವುಗಳ ಗುಣ.

ಕೆಳಗಿನ ತುದಿಯಲ್ಲಿ ಆಕ್ಸಲ್‌ಗೇ ಸೇರಿದ ಒಂದು ಕೆಲಸವಿದೆ: ಹೈ ರೇಂಜಿನಲ್ಲಿ ಮೊದಲ ಗೇರು ಹಾಕಿ ಏರಿನಲ್ಲಿ ಹೊರಡುವುದು. ಜೆಕೆ ಪಾರ್ಟ್-ಟೈಮ್ ಫೋರ್ ವೀಲ್ ವಾಹನ. ಒಣ ಡಾಂಬರಿನ ಮೇಲೆ ಲೋ ರೇಂಜ್ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಾಗಾಗಿ ಊರೊಳಗಿನ ಏರಿಗೆ, ಟ್ರಾಫಿಕ್ಕಿಗೆ ಲೋ ರೇಂಜ್ ಉಪಾಯವಲ್ಲ. 3.21 ಆಕ್ಸಲ್‌ನ ಮೇಲೆ 35 ಇಂಚಿನ ಟೈರು ಹಾಕಿದರೆ ಹೊರಡುವ ಎಳೆತ ಶೇ. 15 ತಗ್ಗುತ್ತದೆ. ಆ ಕೊರತೆಯನ್ನು ಚಾಲಕ ಕ್ಲಚ್ ಜಾರಿಸಿ ತುಂಬಿಕೊಳ್ಳುತ್ತಾನೆ, ಕ್ಲಚ್ ಪ್ಲೇಟು ಸವೆಯುತ್ತದೆ.

6. ಮೇಲಿನ ತುದಿ: ನಿರ್ಣಯ ಇಲ್ಲಿದೆ

ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೇಲಿನ ಗೇರಿನಲ್ಲಿ ಎಂಜಿನ್ ಸುತ್ತುವ ಲೆಕ್ಕ (ಆರ್‌ಪಿಎಂ) ಹೀಗಿದೆ. ಮೊದಲ ಸಾಲು ಮೂಲ ರೂಬಿಕಾನ್‌ನದು, ಉಳಿದವು 35 ಇಂಚಿನ ಟೈರಿನವು.

ಮೂಲ ಟೈರು, 4.10: ಮ್ಯಾನ್ಯುಯಲ್ 2,314, ಆಟೋಮ್ಯಾಟಿಕ್ 1,901
ದೊಡ್ಡ ಟೈರು, 4.10: ಮ್ಯಾನ್ಯುಯಲ್ 2,158, ಆಟೋಮ್ಯಾಟಿಕ್ 1,772
ದೊಡ್ಡ ಟೈರು, 4.56: ಮ್ಯಾನ್ಯುಯಲ್ 2,400; ಆಟೋಮ್ಯಾಟಿಕ್ 1,971
ದೊಡ್ಡ ಟೈರು, 4.88: ಮ್ಯಾನ್ಯುಯಲ್ 2,568, ಆಟೋಮ್ಯಾಟಿಕ್ 2,110
ದೊಡ್ಡ ಟೈರು, 5.13: ಮ್ಯಾನ್ಯುಯಲ್ 2,700, ಆಟೋಮ್ಯಾಟಿಕ್ 2,218

ಮೊದಲು ಗಮನಿಸಬೇಕಾದದ್ದು ಆಟೋಮ್ಯಾಟಿಕ್‌ನ ಅಂಕಣ. ಗರಿಷ್ಠ ಟಾರ್ಕನ್ನು 4,000 ಆರ್‌ಪಿಎಂನಲ್ಲಿ ಕೊಡುವ ಎಂಜಿನ್ನನ್ನು 1,772ರಲ್ಲಿ ಓಡಿಸಿ, ಭಾರದ ಟೈರು ಮತ್ತು ಎತ್ತರಿಸಿದ ಬಾಡಿಗೆ ಬಡಿಯುವ ಗಾಳಿಯನ್ನು ಎದುರಿಸು ಎಂದರೆ ಅದರ ಕೈಲಾಗದು. ಸಣ್ಣ ಏರು ಬಂದರೂ ಗೇರ್‌ಬಾಕ್ಸ್ ಕೆಳಗಿನ ಗೇರಿಗೆ ಇಳಿಯುತ್ತದೆ. 0.69ರಿಂದ 1.00ಕ್ಕೆ ಇಳಿಯುವಾಗ ಎಂಜಿನ್ ವೇಗ ಒಮ್ಮೆಲೇ ಶೇ. 45 ಏರುತ್ತದೆ, 1,772 ಇದ್ದದ್ದು 2,569 ಆಗುತ್ತದೆ. ವಾಹನ ಚೇತರಿಸಿಕೊಂಡೊಡನೆ ಮತ್ತೆ ಮೇಲಿನ ಗೇರು, ಮತ್ತೆ ಸೋಲು. ಈ ಹತ್ತಿಳಿಯುವಿಕೆಯಲ್ಲಿ ಟಾರ್ಕ್ ಕನ್ವರ್ಟರಿನ ಲಾಕ್ ಪದೇ ಪದೇ ಬಿಟ್ಟು ಗೇರ್‌ಬಾಕ್ಸಿನ ಎಣ್ಣೆ ಕಾಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಕಾವು ಕೆಟ್ಟ ಶತ್ರು.

ಸೂತ್ರ ಕೊಟ್ಟ 4.40ಕ್ಕೆ ಮೇಲಿನ ಹತ್ತಿರದ ಜೋಡಿ 4.56. ಅದನ್ನು ಹಾಕಿದರೆ ಆಟೋಮ್ಯಾಟಿಕ್‌ನಲ್ಲಿ 1,971. ಹಳೆಯ ಅಂಕಿ ಬಂತು, ಸ್ವಲ್ಪ ಹೆಚ್ಚೇ ಬಂತು. ಆದರೆ ಹೊರೆ ಹಳೆಯದಲ್ಲ, ಶೇ. 45ರ ಜಿಗಿತವೂ ಹಾಗೇ ಇದೆ. 5.13 ಹಾಕಿದಾಗಲೂ ಎಂಜಿನ್ 2,218ರಲ್ಲಿರುತ್ತದೆ. ಮೂಲ ಮ್ಯಾನ್ಯುಯಲ್ ರೂಬಿಕಾನ್ ಕಾರ್ಖಾನೆಯಿಂದ ಬಂದಾಗ ಓಡುತ್ತಿದ್ದ 2,314ಕ್ಕಿಂತ ಇದು ಕಡಿಮೆ. ನಾಲ್ಕು ಗೇರಿನ ಆಟೋಮ್ಯಾಟಿಕ್‌ಗೆ 5.13 ಅತಿಯಾಯಿತು ಎನ್ನುವವರಿಗೆ ಈ ಹೋಲಿಕೆಯೇ ಉತ್ತರ.

ಮ್ಯಾನ್ಯುಯಲ್‌ನಲ್ಲಿ ಚಿತ್ರ ಬೇರೆ. ಐದರಿಂದ ಆರಕ್ಕೆ ಅಂತರ ಶೇ. 19 ಮಾತ್ರ, ಗೇರು ಯಾವಾಗ ಇಳಿಸಬೇಕೆಂಬುದೂ ಚಾಲಕನ ಕೈಯಲ್ಲಿದೆ. 4.56 ಹಾಕಿದರೆ ಮೂಲಕ್ಕಿಂತ ಶೇ. 4 ಹೆಚ್ಚು, 4.88 ಹಾಕಿದರೆ ಶೇ. 11 ಹೆಚ್ಚು. ವಾಹನ ಹಗುರವಾಗಿದ್ದು ತಗ್ಗು ಪ್ರದೇಶದಲ್ಲಿ ಓಡುವುದಾದರೆ 4.56 ಸಾಕು. ವಿಂಚು, ಉಕ್ಕಿನ ಬಂಪರು, ಮೇಲಿನ ಕ್ಯಾರಿಯರ್ ಸೇರಿದ ನಾಲ್ಕು ಬಾಗಿಲಿನ ಮಾದರಿಗೆ 4.88 ಹೊಂದುತ್ತದೆ. 5.13 ಹಾಕಿದರೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಎಂಜಿನ್ 3,240ಕ್ಕೆ ಏರುತ್ತದೆ. ಕೆಡುವುದಿಲ್ಲ, ಆದರೆ ದಿನವಿಡೀ ಆ ಸದ್ದನ್ನು ಕೇಳಬೇಕು.

ಊರಿನ ಎತ್ತರವೂ ಲೆಕ್ಕಕ್ಕೆ ಬರಬೇಕು. ಕೊಲರಾಡೊದ ಐಸೆನ್‌ಹವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ. 70. ಟರ್ಬೊ ಇಲ್ಲದ ಎಂಜಿನ್ ಕೊಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಡೆನ್ವರ್‌ನಿಂದ ಮೋಆಬ್‌ಗೆ ಹೊರಟವರು ಈ ಏರನ್ನು ಹತ್ತಿಯೇ ಹೋಗಬೇಕು. ಅವರಿಗೆ ಒಂದು ಮೆಟ್ಟಿಲು ಹೆಚ್ಚಿನ ಅನುಪಾತ ಬೇಕು. ಫ್ಲಾರಿಡಾದ ಸಮತಟ್ಟು ರಸ್ತೆಯವರಿಗೆ ಬೇಡ.

7. ನಂತರದ ಮಾದರಿಗಳು ಹೇಳುವುದೇನು?

2012ರಲ್ಲಿ ಜೆಕೆಗೆ 285 ಅಶ್ವಶಕ್ತಿಯ 3.6 ಲೀಟರ್ ಎಂಜಿನ್ ಮತ್ತು ಐದು ಗೇರಿನ ಆಟೋಮ್ಯಾಟಿಕ್ ಬಂದವು. ಅದರ ಮೇಲಿನ ಗೇರು 0.83. ಅಲ್ಲಿಗೆ ಆಟೋಮ್ಯಾಟಿಕ್‌ನ ಲೆಕ್ಕ ಮ್ಯಾನ್ಯುಯಲ್‌ನ ಪಕ್ಕಕ್ಕೆ ಬಂದಿತು: 4.56 ಹಾಕಿದರೆ 2,371, 4.88 ಹಾಕಿದರೆ 2,538. ಟೈರು ಬದಲಾಗದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಬದಲಾದದ್ದಕ್ಕೆ ಸರಿಯಾದ ಆಕ್ಸಲ್ 5.13ರಿಂದ ಕೆಳಗಿಳಿಯಿತು. ಟೈರಿನ ವ್ಯಾಸವನ್ನಷ್ಟೇ ನೋಡುವ ಸೂತ್ರಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಮುಂದಿನ ತಲೆಮಾರಿನ ಜೆಎಲ್ ರೂಬಿಕಾನ್‌ನಲ್ಲಿ ಮೂಲ ಟೈರು 285/70ಆರ್17, ಅನುಪಾತ 4.10, ಆಟೋಮ್ಯಾಟಿಕ್‌ನಲ್ಲಿ ಎಂಟು ಗೇರು. 2021ರಲ್ಲಿ ಕಂಪನಿಯೇ ಎಕ್ಸ್‌ಟ್ರೀಮ್ ರೀಕಾನ್ ಎಂಬ ಹೆಸರಿನಲ್ಲಿ ಇದೇ 315/70ಆರ್17 ಟೈರನ್ನು ಕೊಟ್ಟಾಗ ಆಕ್ಸಲ್ ಅನುಪಾತವನ್ನು 4.56ಕ್ಕೆ ಏರಿಸಿತು. ಸೂತ್ರದ ಪ್ರಕಾರ ಬೇಕಿದ್ದದ್ದು 4.31. ಸಾಮಾನ್ಯ ಜೋಡಿಗಳಲ್ಲಿ 4.10ರ ಮೇಲಿನದು 4.56 ಆದ್ದರಿಂದ ಇದೊಂದನ್ನೇ ನಿರ್ಣಾಯಕ ಸಾಕ್ಷ್ಯವೆಂದು ಹಿಡಿಯಲಾಗದು. ಆದರೆ ಅರೆಬರೆ ಬಂದಾಗ ಕೆಳಗೆ ಉಳಿಯುವ ಬದಲು ಮೇಲಕ್ಕೆ ಹೋಗಬೇಕೆಂಬ ಕ್ರಮವನ್ನು ತಯಾರಕರೂ ಪಾಲಿಸಿದ್ದು ಗಮನಾರ್ಹ. ಎಂಟು ಗೇರಿನ ಬಾಕ್ಸಿನಲ್ಲಿ ಮೇಲಿನೆರಡು ಗೇರುಗಳ ನಡುವಿನ ಅಂತರ ಶೇ. 25 ಮಾತ್ರ; ಆದ್ದರಿಂದ ಅಲ್ಲಿ 5.13ರವರೆಗೆ ಹೋಗುವ ಒತ್ತಡ ಇಲ್ಲ.

8. ಮೇಲಿನ ಮಿತಿ: ಪಿನಿಯನ್

ಹಾಗಿದ್ದರೆ ಯಾವಾಗಲೂ ದೊಡ್ಡ ಅಂಕಿಯನ್ನೇ ಏಕೆ ಹಾಕಬಾರದು? ಉತ್ತರ ಹಲ್ಲುಗಳ ಎಣಿಕೆಯಲ್ಲಿದೆ. ಸಾಮಾನ್ಯವಾಗಿ 4.10 ಎಂದರೆ ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲು. 4.56ರಲ್ಲಿ 41 ಮತ್ತು 9, 4.88ರಲ್ಲಿ 39 ಮತ್ತು 8, 5.13ರಲ್ಲಿ 41 ಮತ್ತು 8. ಕ್ರೌನ್‌ನ ವ್ಯಾಸ ಹೌಸಿಂಗ್‌ನ ಅಳತೆಗೆ ಬದ್ಧ. ಅನುಪಾತ ಏರಿಸಬೇಕಾದರೆ ಪಿನಿಯನ್ನನ್ನೇ ಸಣ್ಣದು ಮಾಡಬೇಕು.

ಹಲ್ಲಿನ ಮೇಲೆ ಬೀಳುವ ಬಲ ಎಂದರೆ ಚಕ್ರದ ಟಾರ್ಕನ್ನು ಕ್ರೌನ್‌ನ ತ್ರಿಜ್ಯದಿಂದ ಭಾಗಿಸಿದಷ್ಟು. ಚಕ್ರಕ್ಕೆ ಬೇಕಾದ ಟಾರ್ಕ್ ಅಷ್ಟೇ ಇದ್ದರೆ ಆ ಬಲವೂ ಅಷ್ಟೇ; ಅದನ್ನು ಹೊರುವ ಪಿನಿಯನ್ ಮಾತ್ರ ಸಣ್ಣದು. ದೊಡ್ಡ ಟೈರು ಚಕ್ರದ ಟಾರ್ಕನ್ನೂ ಏರಿಸುವುದರಿಂದ ಎರಡು ಕಡೆಯಿಂದ ಒತ್ತಡ ಬರುತ್ತದೆ. ರೂಬಿಕಾನ್‌ನ ಎರಡೂ ಆಕ್ಸಲ್‌ಗಳು ಡಾನಾ 44. ಇತರ ಜೆಕೆಗಳ ಮುಂಭಾಗದಲ್ಲಿರುವುದು ಸಣ್ಣ ಕ್ರೌನ್‌ನ ಡಾನಾ 30; ಅದರಲ್ಲಿ ಎಂಟು ಹಲ್ಲಿನ ಪಿನಿಯನ್ ಹಾಕಿ ಬಂಡೆಯ ಮೇಲೆ ಲಾಕರ್ (ಒಂದು ಆಕ್ಸಲ್‌ನ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಸಾಧನ) ಬಳಸುವವರು ಎಚ್ಚರದಿಂದಿರಬೇಕು. ಹಲ್ಲಿನ ದೃಷ್ಟಿಯಿಂದ ದೊಡ್ಡ ಹೆಜ್ಜೆ 4.56ರಿಂದ 4.88ಕ್ಕೆ ಹೋಗುವಾಗ ಬರುತ್ತದೆ. 4.88ಕ್ಕೂ 5.13ಕ್ಕೂ ಎಂಟೇ ಹಲ್ಲು. ಅಲ್ಲಿ ಶಕ್ತಿಯ ವ್ಯತ್ಯಾಸ ಕಡಿಮೆ.

9. ಅಳವಡಿಕೆಯಲ್ಲಿ ಬಿಡಬಾರದ ಅಂಶಗಳು

ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಬದಲಿಸಲೇಬೇಕು. ಒಂದರಲ್ಲಿ 4.10, ಇನ್ನೊಂದರಲ್ಲಿ 4.56 ಇಟ್ಟು ಫೋರ್ ವೀಲ್ ಹಾಕಿದರೆ ಎರಡು ಶಾಫ್ಟುಗಳು ಜಗಳಕ್ಕೆ ಬಿದ್ದು ಏನಾದರೊಂದು ಮುರಿಯುತ್ತದೆ. ಪಿನಿಯನ್‌ನ ಆಳ, ಬೇರಿಂಗ್‌ನ ಬಿಗಿತ, ಹಲ್ಲುಗಳ ನಡುವಿನ ಸಡಿಲ, ಬಣ್ಣ ಹಚ್ಚಿ ನೋಡುವ ಸ್ಪರ್ಶದ ಗುರುತು, ಈ ನಾಲ್ಕೂ ಸರಿಯಾಗಬೇಕು. ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ.; ಗೇರ್ ತಯಾರಕರು ಕೊಟ್ಟ ಅಂಕಿಯೇ ಅಂತಿಮ. ಹೊಸ ಗೇರುಗಳನ್ನು ಮೊದಲ ದಿನ ಸ್ವಲ್ಪ ದೂರ ಓಡಿಸಿ ತಣಿಯಲು ಬಿಟ್ಟು, ಸುಮಾರು 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸುವುದು ರೂಢಿ.

ಕಂಪ್ಯೂಟರಿಗೆ ಹೊಸ ಟೈರು ಮತ್ತು ಹೊಸ ಅನುಪಾತ ಎರಡನ್ನೂ ತಿಳಿಸಬೇಕು. ಇಲ್ಲದಿದ್ದರೆ ವೇಗಮಾಪಕ ತಪ್ಪುವುದಲ್ಲದೆ ಆಟೋಮ್ಯಾಟಿಕ್ ಗೇರು ಬದಲಿಸುವ ಸಮಯವೂ ತಪ್ಪುತ್ತದೆ. ಬರೀ ಟೈರು ಬದಲಿಸಿ ಸುಮ್ಮನಿದ್ದರೆ ರೂಬಿಕಾನ್‌ನ ಮುಳ್ಳು 100 ತೋರಿಸುವಾಗ ನಿಜವಾದ ವೇಗ 107. ಇನ್ನೊಂದು ಅಂಶ ಬ್ರೇಕ್. ಅದೇ ಒತ್ತಿಗೆ ನೆಲದಲ್ಲಿ ಸಿಗುವ ತಡೆ ಶೇ. 7ರಷ್ಟು ತಗ್ಗುತ್ತದೆ. ಯಾವ ಆಕ್ಸಲ್ ಅನುಪಾತವೂ ಅದನ್ನು ಮರಳಿ ಕೊಡುವುದಿಲ್ಲ, ಬ್ರೇಕನ್ನೇ ಬಲಪಡಿಸಬೇಕು.

ಭಾರತದಲ್ಲಿ ಈ ಲೆಕ್ಕವನ್ನು ಬಳಸುವವರು ಕಾನೂನನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿಗದಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ.

10. ನಿರ್ಣಯ

ಅನುಪಾತದ ಆಯ್ಕೆಗೆ ಈ ಟಿಪ್ಪಣಿ ಸೂಚಿಸುವ ಕ್ರಮ ಇದು. ಮೊದಲು ಹೊಸ ಟೈರು ಒಂದು ಸುತ್ತಿಗೆ ಕ್ರಮಿಸುವ ದೂರವನ್ನು ಅಳೆಯಬೇಕು. ಗ್ಯಾರೇಜಿನ ಸೂತ್ರದಿಂದ ಕೆಳಗಿನ ಮಿತಿಯನ್ನು ಮಾತ್ರ ಪಡೆಯಬೇಕು. ಆಮೇಲೆ ತಾನು ನಿತ್ಯ ಓಡಿಸುವ ವೇಗದಲ್ಲಿ ಮೇಲಿನ ಗೇರಿನ ಆರ್‌ಪಿಎಂ ಲೆಕ್ಕ ಹಾಕಿ, ಎಂಜಿನ್‌ನ ಟಾರ್ಕ್ ಎಲ್ಲಿ ಹುಟ್ಟುತ್ತದೆ, ಮೇಲಿನೆರಡು ಗೇರುಗಳ ಅಂತರ ಎಷ್ಟು, ವಾಹನದ ಭಾರ ಮತ್ತು ಊರಿನ ಎತ್ತರ ಎಷ್ಟು ಎಂಬುದರ ಎದುರು ಅದನ್ನು ತೂಗಬೇಕು. ಹೈ ರೇಂಜಿನ ಮೊದಲ ಗೇರಿನಲ್ಲಿ ಏರು ಹತ್ತುವುದನ್ನು ಎರಡನೆಯ ಪರೀಕ್ಷೆಯಾಗಿ ಇಟ್ಟುಕೊಳ್ಳಬೇಕು. ಕೊನೆಗೆ ಪಿನಿಯನ್‌ನ ಹಲ್ಲು ನೋಡಿ ಮೇಲಿನ ಮಿತಿ ಹಾಕಬೇಕು.

ಹೀಗೆ ನೋಡಿದರೆ 2007ರಿಂದ 2011ರ ರೂಬಿಕಾನ್‌ಗೆ 35 ಇಂಚಿನ ಟೈರಿನೊಡನೆ ನಾಲ್ಕು ಗೇರಿನ ಆಟೋಮ್ಯಾಟಿಕ್‌ನಲ್ಲಿ 5.13, ಮ್ಯಾನ್ಯುಯಲ್‌ನಲ್ಲಿ ಹೊರೆಗೆ ತಕ್ಕಂತೆ 4.56 ಅಥವಾ 4.88 ಸರಿಯಾದ ಆಯ್ಕೆ. ಕೆಳಹಂತದ ಮ್ಯಾನ್ಯುಯಲ್ ಮಾದರಿಗೂ ಉತ್ತರ ಇದೇ, ಅದು 3.21ರಿಂದ ಹೊರಟಿತ್ತು ಎಂಬ ಕಾರಣಕ್ಕೆ ಸೂತ್ರದ 3.77ಕ್ಕೆ ಹತ್ತಿರದ ಜೋಡಿಯಾದ 3.73ರಲ್ಲಿ ನಿಲ್ಲಿಸಿದರೆ ಆರನೆಯ ಗೇರು ಇದ್ದೂ ಇಲ್ಲದಂತಾಗುತ್ತದೆ. ಎರಡು ಆಕ್ಸಲ್‌ಗಳ ಗೇರು ಬಿಚ್ಚಿ ಕೂರಿಸುವುದು ದುಬಾರಿ ಕೆಲಸ, ಅದನ್ನು ಎರಡು ಸಲ ಮಾಡಿಸುವ ಶಕ್ತಿ ಹೆಚ್ಚಿನವರಿಗೆ ಇರುವುದಿಲ್ಲ. ಆದ್ದರಿಂದ ಗೇರು ತರಿಸುವ ಮೊದಲು ಹೆದ್ದಾರಿಯ ಲೆಕ್ಕವನ್ನು ಕಾಗದದ ಮೇಲೆ ಮುಗಿಸಿಕೊಳ್ಳುವುದು ಪ್ರತಿಯೊಬ್ಬ ಮಾಲೀಕನೂ ತನ್ನ ವಾಹನಕ್ಕೆ ಮಾಡಬೇಕಾದ ನ್ಯಾಯ.